ಮೊದಲು ಟೇಪು, ಆಮೇಲೆ ಗಿಡ

ಗಾರ್ಡನ್ ಡಿಸೈನ್ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ. ಐದು ಮೀಟರಿನ ಟೇಪು ಜೇಬಿಗೆ ಹಾಕಿಕೊಂಡು ಹತ್ತಿರದ ಪಾರ್ಕಿಗೆ ಹೋಗಿ. ನರ್ಸರಿಗೆ ಈಗಲೇ ಬೇಡ. ಅಲ್ಲಿಗೆ ಹೋದರೆ ಕಣ್ಣಿಗೆ ಚೆಂದ ಕಂಡಿದ್ದೆಲ್ಲ ಮನೆಗೆ ಬರುತ್ತದೆ, ಆಮೇಲೆ ಅದಕ್ಕೆ ಜಾಗ ಹುಡುಕುತ್ತಾ ಕೂರಬೇಕು.

ನಾನು ಕಲಿತದ್ದು ಲಾಲ್‌ಬಾಗಿನಲ್ಲಿ, ಕಬ್ಬನ್ ಪಾರ್ಕಿನಲ್ಲಿ, ನಮ್ಮ ಲೇಔಟಿನ ಪುಟ್ಟ ಪಾರ್ಕಿನಲ್ಲಿ. ಹಾಯಾಗಿ ಕೂರಲು ಆಗುವ ಬೆಂಚು ಸಿಕ್ಕರೆ ಅಳೆಯುತ್ತಿದ್ದೆ. ಹೆಚ್ಚುಕಮ್ಮಿ 45 ಸೆಂ.ಮೀ. ಎತ್ತರ ಇರುತ್ತಿತ್ತು. ಇಬ್ಬರು ಮಾತಾಡುತ್ತಾ ಜೊತೆಗೆ ನಡೆಯಲು 1.2 ಮೀಟರ್ ಅಗಲದ ದಾರಿ ಸಾಕು. ಎದುರಿಗೆ ಇನ್ನೊಬ್ಬರು ಬಂದರೆ ಒಬ್ಬರು ಪಕ್ಕಕ್ಕೆ ಸರಿಯಬೇಕು, ಹಾಗಾಗಿ ಪಾರ್ಕಿಗೆ 1.8 ಮೀಟರ್ ಇದ್ದರೆ ಒಳ್ಳೆಯದು. ಮೆಟ್ಟಿಲಿಗೂ ಒಂದು ಲೆಕ್ಕ ಇದೆ. ಎತ್ತರವನ್ನು ಎರಡು ಸಲ ಕೂಡಿಸಿ, ಅದಕ್ಕೆ ಕಾಲಿಡುವ ಅಗಲ ಸೇರಿಸಿದರೆ 60ರಿಂದ 65 ಸೆಂ.ಮೀ. ಒಳಗೆ ಬರಬೇಕು. ಮನೆಯೊಳಗಿನ ಮೆಟ್ಟಿಲಿಗಿಂತ ತೋಟದ್ದು ತಗ್ಗಾಗಿ, ಅಗಲವಾಗಿ ಇರಬೇಕು. 15 ಎತ್ತರ, 35 ಅಗಲ ಇಟ್ಟರೆ ಅಜ್ಜ ಅಜ್ಜಿಯರೂ ಆರಾಮಾಗಿ ಹತ್ತುತ್ತಾರೆ.

ಲಾಲ್‌ಬಾಗಿನಿಂದ ಕಲಿತ ಇನ್ನೊಂದು ವಿಷಯ ಟೇಪಿಗೆ ಸಿಗುವಂಥದ್ದಲ್ಲ. ಕೆಂಪೇಗೌಡ ಗೋಪುರ ಇರುವ ಬಂಡೆ ನೋಡಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ಅದನ್ನು ಬರಿದಾಗಿ ಬಿಟ್ಟಿದ್ದಾರೆ. ಮರಗಳ ನೆರಳಿನಲ್ಲಿ ನಡೆದು ಬಂದವರಿಗೆ ಅಲ್ಲಿ ಒಮ್ಮೆಲೇ ಆಕಾಶ ಸಿಗುತ್ತದೆ. ಖಾಲಿ ಜಾಗವೂ ಡಿಸೈನೇ. ಇದನ್ನು ಮನೆಯವರಿಗೆ ಒಪ್ಪಿಸುವುದೇ ನನ್ನ ಕೆಲಸದಲ್ಲಿ ಅತಿ ಕಷ್ಟದ ಭಾಗ. ದುಡ್ಡು ಕೊಟ್ಟಿದ್ದೀವಿ, ಇಲ್ಲಿ ಏನೂ ಇಲ್ವಲ್ಲ ಅಂತಾರೆ!

ಇನ್ನು ಕಾಗದದ ಕೆಲಸ. ನಾನು ಈಗಲೂ ಗ್ರಾಫ್ ಹಾಳೆಯಲ್ಲೇ ಬರೆಯುತ್ತೇನೆ, ನೆಲದ ಒಂದು ಮೀಟರಿಗೆ ಹಾಳೆಯಲ್ಲಿ ಒಂದು ಸೆಂಟಿಮೀಟರ್. ಮನೆ, ಕಾಂಪೌಂಡು, ಗೇಟು, ಸಂಪು, ಚೇಂಬರ್ ಎಲ್ಲ ಮೊದಲು ಹಾಳೆಗೆ ಬರಬೇಕು. ಅಂಗಳದ ನಡುವೆ ಇರುವ ಹಳೇ ಮರವನ್ನು ಕೂರಿಸುವುದು ಹೇಗೆ? ಮನೆಯ ಒಂದು ಮೂಲೆಯಿಂದ ಮರಕ್ಕೆ ಟೇಪು ಹಿಡಿಯಿರಿ, ಇನ್ನೊಂದು ಮೂಲೆಯಿಂದಲೂ ಹಿಡಿಯಿರಿ. ಒಂದು 6.2 ಮೀಟರ್, ಇನ್ನೊಂದು 4.8 ಬಂತು ಅನ್ನಿ. ಹಾಳೆಯಲ್ಲಿ ಆ ಎರಡು ಮೂಲೆಗಳ ಮೇಲೆ ಕೈವಾರ ಊರಿ 6.2 ಮತ್ತು 4.8 ಸೆಂ.ಮೀ. ಕಮಾನು ಎಳೆಯಿರಿ. ಅಂಗಳದ ಕಡೆ ಅವೆರಡು ಎಲ್ಲಿ ಕೂಡುತ್ತವೋ ಅಲ್ಲೇ ಮರ. ಸ್ಕೂಲಿನ ಜ್ಯಾಮಿಟ್ರಿ ಬಾಕ್ಸ್ ಇಷ್ಟು ವರ್ಷ ಆದಮೇಲೆ ಅನ್ನ ಹಾಕುತ್ತದೆ ಅಂತ ಅಂದುಕೊಂಡಿರಲಿಲ್ಲ.

ನೀರು ಎತ್ತ ಹರಿಯುತ್ತದೆ ಅನ್ನುವುದನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ. ಗಾರೆ ಮೇಸ್ತ್ರಿಗಳ ಹತ್ತಿರ ಇರುವ ಲೆವೆಲ್ ಪೈಪೇ ಸಾಕು, ಅಂದರೆ ಒಳಗಿನ ನೀರು ಕಾಣುವ ಉದ್ದನೆಯ ಪ್ಲಾಸ್ಟಿಕ್ ಪೈಪು. ಗಾಳಿಗುಳ್ಳೆ ಇಲ್ಲದ ಹಾಗೆ ನೀರು ತುಂಬಿ, ಒಂದು ತುದಿ ನೀವು ಹಿಡಿಯಿರಿ, ಇನ್ನೊಂದು ತುದಿಯನ್ನು ಇನ್ನೊಬ್ಬರಿಗೆ ಕೊಡಿ. ಎರಡೂ ಕಡೆ ನೀರಿನ ಮಟ್ಟದಿಂದ ನೆಲಕ್ಕೆ ಅಳೆದರೆ ಇಳಿಜಾರು ಗೊತ್ತಾಗುತ್ತದೆ. ಹತ್ತು ಮೀಟರಿಗೆ 10ರಿಂದ 20 ಸೆಂ.ಮೀ. ಇಳಿದರೆ ನೀರು ನಿಲ್ಲುವುದಿಲ್ಲ. ಆ ಇಳಿಜಾರು ಗೋಡೆಯಿಂದ ಹೊರಗೆ ಇರಬೇಕು, ಗೋಡೆಯ ಕಡೆಗಲ್ಲ. ಮಣ್ಣು ನೀರು ಕುಡಿಯುತ್ತದೋ ಇಲ್ಲವೋ ನೋಡಲು ಒಂದಡಿ ಗುಂಡಿ ತೋಡಿ ನೀರು ತುಂಬಿ ಬಿಡಿ. ಮಾರನೇ ದಿನವೂ ನೀರು ಹಾಗೇ ಇದ್ದರೆ ಆ ಜಾಗದಲ್ಲಿ ಗುಲಾಬಿ ಆಸೆ ಬಿಡಿ.

ಬಿಸಿಲಿನ ವಿಷಯದಲ್ಲಿ ಪುಸ್ತಕಗಳನ್ನು ಸ್ವಲ್ಪ ಅನುಮಾನದಿಂದಲೇ ಓದಿ. ಜಾಸ್ತಿ ಪುಸ್ತಕ ಯುರೋಪು, ಅಮೆರಿಕದವು. ಮನೆಯ ಉತ್ತರಕ್ಕೆ ಯಾವಾಗಲೂ ನೆರಳು ಅಂತ ಬರೆದಿರುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಡಿಸೆಂಬರಿನಲ್ಲಿ ತಣ್ಣಗೆ ನೆರಳಲ್ಲಿದ್ದ ಉತ್ತರದ ಪಾತಿಗೆ ಮೇ ತಿಂಗಳಲ್ಲಿ ಬಿಸಿಲು ಬೀಳುತ್ತದೆ. ನೆರಳಿನ ಗಿಡ ಅಂತ ಜರಿಗಿಡ ಇಟ್ಟಿದ್ದರೆ ಎಲೆ ಸುಟ್ಟುಹೋಗುತ್ತದೆ. ಅದಕ್ಕೇ ಚಳಿಗಾಲದಲ್ಲಿ ಜಾಗ ನೋಡಿದ್ದರೆ ಬೇಸಿಗೆಯ ನೆರಳನ್ನೂ ಹಾಳೆಯಲ್ಲಿ ಬೇರೆ ಬಣ್ಣದಲ್ಲಿ ಗುರುತು ಮಾಡುತ್ತೇನೆ.

ದಾರಿಗಳನ್ನು ಹಾಳೆಯಲ್ಲಿ ಪಕ್ಕಾ ಮಾಡಬಾರದು. ನಮ್ಮ ಲೇಔಟ್ ಪಾರ್ಕಿನಲ್ಲಿ ಹಾಲಿನ ಬೂತಿಗೆ ಹೋಗುವವರೆಲ್ಲ ಹುಲ್ಲಿನ ಮೇಲೆ ಅಡ್ಡಲಾಗಿ ತುಳಿದು ಕಾಲುದಾರಿ ಮಾಡಿದ್ದರು. ಬೇಲಿ ಹಾಕೋಣ ಅಂತ ಒಬ್ಬರು, ಬೋರ್ಡು ಹಾಕೋಣ ಅಂತ ಇನ್ನೊಬ್ಬರು. ನಾನು ಆ ಕಾಲುದಾರಿಗೇ ಕಲ್ಲು ಹಾಸಿಸಿದೆ. ಜನ ನಡೆದು ತೋರಿಸಿದ ಮೇಲೆ ಜಗಳ ಯಾಕೆ? ಹೊಸ ಜಾಗವಾದರೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಮನೆಯವರನ್ನು ಅದರ ಮೇಲೆ ನಡೆಸಿ ನೋಡುತ್ತೇನೆ. ಬಳುಕುವ ದಾರಿ ಬೇಕಿದ್ದರೆ ನೀರಿನ ಹೋಸ್ ಪೈಪನ್ನು ನೆಲದ ಮೇಲೆ ಮಲಗಿಸಿದರೆ ಸರಿಯಾದ ಬಾಗು ತಾನಾಗಿ ಬರುತ್ತದೆ.

ಗಿಡದ ಸರದಿ ಈಗ. ಹಾಳೆಯಲ್ಲಿ ಪ್ರತಿ ಗಿಡಕ್ಕೂ ಒಂದು ವೃತ್ತ, ಅದು ಪೂರ್ತಿ ಬೆಳೆದಾಗಿನ ಅಗಲಕ್ಕೆ. ತಂದಾಗಿನ ಅಗಲಕ್ಕಲ್ಲ. ಹೊಂಗೆಗೆ ಎಂಟು ಮೀಟರಿನ ವೃತ್ತ ಬರೆದಾಗ ಅರ್ಧ ಅಂಗಳ ಮುಗಿದುಹೋಗುತ್ತದೆ, ಉಳಿದ ಆಸೆಗಳೂ ಅಲ್ಲೇ ತೂಕಕ್ಕೆ ಬರುತ್ತವೆ. ಆಲ, ಅತ್ತಿ, ಅರಳಿಯನ್ನು ಮನೆ ಹತ್ತಿರ ಬೇಡವೇ ಬೇಡ ಅಂತೀನಿ. ಹೊಂಗೆಯಡಿ ಲಾನ್ ಕೇಳುವವರಿಗೂ ಬೇಡ ಅಂತೀನಿ, ನೆರಳಲ್ಲಿ ಅದು ಸೊರಗುತ್ತದೆ. ನಿಜ ಹೇಳಬೇಕೆಂದರೆ ಲಾನ್ ಅಂದ್ರೆ ನನಗೆ ಅಷ್ಟಕ್ಕಷ್ಟೆ. ಟ್ಯಾಂಕರ್ ನೀರು ತರಿಸುವ ಊರಿನಲ್ಲಿ ಆಡಲು ಮಕ್ಕಳಿಲ್ಲದ ಮನೆಗೆ ಅದೊಂದು ಸುಮ್ನೆ ಖರ್ಚು.

ಹೂವಿನ ಮರ ಆರಿಸುವಾಗ ಕ್ರುಂಬಿಗೆಲ್ ಅವರ ದಾರಿಯೇ ನನಗಿಷ್ಟ. ಜರ್ಮನಿಯಿಂದ ಬಂದ ಇವರು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಒಂದರ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವ ಹಾಗೆ ಮರಗಳನ್ನು ಆರಿಸಿ ಬೆಂಗಳೂರಿನ ರಸ್ತೆಗಳಲ್ಲಿ ನೆಡಿಸಿದರು. ಒಂದು ಚಿಕ್ಕ ಪಾರ್ಕಿಗೂ ಇದು ಸಾಧ್ಯ. ಫೆಬ್ರವರಿ, ಮಾರ್ಚಿಗೆ ಹಳದಿ ಟಬೂಬಿಯಾ, ಬೇಸಿಗೆಗೆ ಕಕ್ಕೆ, ಅದರ ಜೊತೆಗೇ ಹೊಳೆ ದಾಸವಾಳ, ಮಳೆಗಾಲ ಮುಗಿಯುವಾಗ ಪಾರಿಜಾತ, ಆಮೇಲೆ ಆಕಾಶಮಲ್ಲಿಗೆ.

ಪ್ಲಾನ್ ಆಖೈರು ಮಾಡುವ ಮೊದಲು ಅದನ್ನು ಮಾಲಿಗೆ ತೋರಿಸಿ. ಒಬ್ಬ ಮಾಲಿ ನನ್ನ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಸಾರ್, ನಲ್ಲಿ ಎಲ್ಲೈತೆ? ಪೈಪು ಆ ಮೂಲೆಗೆ ಬರಾಕಿಲ್ಲ. ಅಲ್ಲಿರೋ ಗಿಡ ನೀವೇ ನೋಡ್ಕಬೇಕು" ಅಂದ. ಈಗ ನಲ್ಲಿಗಳನ್ನೇ ಮೊದಲು ಗುರುತು ಹಾಕುತ್ತೇನೆ, 15 ಮೀಟರ್ ಹೋಸ್ ಎಲ್ಲ ಪಾತಿಗೂ ತಲುಪುವ ಹಾಗೆ. ಇನ್ನೊಂದು, ದಾರಿಗೆ ಕಲ್ಲು ಹಾಸುವ ಮುಂಚೆ ಅದರ ಅಡಿಯಲ್ಲಿ ಅಡ್ಡಲಾಗಿ ಖಾಲಿ ಪಿವಿಸಿ ಪೈಪು ಹೂತು, ಎರಡೂ ಬಾಯಿಗೆ ಮುಚ್ಚಳ ಹಾಕಿಸಿ. ಮುಂದೆ ಡ್ರಿಪ್ಪೋ ಲೈಟಿನ ವೈರೋ ಬೇಕಾದಾಗ ಕಲ್ಲು ಕೀಳುವ ಕೆಲಸ ಇರುವುದಿಲ್ಲ.