ಗರ್ಭಿಣಿಗೆ ಅಪೆಂಡಿಸೈಟಿಸ್ ಶಂಕೆ: ರಕ್ತಪರೀಕ್ಷೆಯ ವರದಿಯನ್ನು ಹೀಗೆ ಓದಿ

ಗರ್ಭಿಣಿಗೆ ಬಲಹೊಟ್ಟೆ ನೋಯುತ್ತಿದೆ. ಅಪೆಂಡಿಸೈಟಿಸ್, ಅಂದರೆ ದೊಡ್ಡ ಕರುಳಿಗೆ ಅಂಟಿದ ಬಾಲದಂಥ ಅಪೆಂಡಿಕ್ಸ್‌ನ ಉರಿಯೂತ, ಇರಬಹುದೆಂಬ ಶಂಕೆ. ಬಿಳಿ ರಕ್ತಕಣಗಳ ಎಣಿಕೆ 14,000, ಪಕ್ಕದಲ್ಲಿ ‘ಹೆಚ್ಚು’ ಎಂಬ ಗುರುತು. ಪ್ರಯೋಗಾಲಯದಲ್ಲಿ ಇಂಥ ವರದಿಗಳಿಗೆ ಸಹಿ ಹಾಕುವ ವೈದ್ಯೆ ನಾನು. ಆ ಗುರುತೊಂದನ್ನೇ ನೋಡಿ ಗಾಬರಿಯಾಗಬೇಡಿ. 4,000ದಿಂದ 11,000 ಎಂಬ ಮಿತಿ ಗರ್ಭಿಣಿಯರಲ್ಲದವರಿಗೆ ಹಾಕಿದ್ದು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಆರೋಗ್ಯವಂತರಲ್ಲೂ 15,000–16,000 ಇರಬಹುದು. ಹೆರಿಗೆ ನೋವು ಶುರುವಾದ ಮೇಲೆ 20,000 ದಾಟುವುದೂ ಉಂಟು. ಎಣಿಕೆ ಸಹಜವಾಗಿದೆ ಎಂದು ನೋವನ್ನು ಕಡೆಗಣಿಸುವುದು ಮಾತ್ರ ಇದಕ್ಕಿಂತ ದೊಡ್ಡ ಅಪಾಯ.

ಮೊದಲು ಹಳೆಯ ವರದಿಯನ್ನು ಹುಡುಕಿ ತೆಗೆಯಿರಿ. ಕಳೆದ ತಿಂಗಳು 9,000 ಇದ್ದದ್ದು ಇಂದು 15,000 ಆಗಿದ್ದರೆ ಅದಕ್ಕೆ ಅರ್ಥವಿದೆ. ಮೊದಲಿನಿಂದಲೂ 14,000 ಇದ್ದವರಲ್ಲಿ ಅಷ್ಟಿಲ್ಲ. ಮಗುವಿನ ಶ್ವಾಸಕೋಶ ಬಲಿಯಲೆಂದು ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟಿದ್ದರೆ ತಪ್ಪದೆ ತಿಳಿಸಿ, ಅದರಿಂದಲೂ ಎಣಿಕೆ ಏರುತ್ತದೆ.

ಒಟ್ಟು ಎಣಿಕೆಗಿಂತ ನನಗೆ ಗಾಜಿನ ಪಟ್ಟಿಯ ಮೇಲೆ ಸವರಿದ ರಕ್ತ ಹೆಚ್ಚು ಹೇಳುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಬಲಿತ ನ್ಯೂಟ್ರೋಫಿಲ್‌ನ (ಸೋಂಕನ್ನು ಎದುರಿಸುವ ಬಿಳಿ ರಕ್ತಕಣ) ಕೋಶಕೇಂದ್ರ ಮೂರು ನಾಲ್ಕು ಹೋಳಾಗಿ, ಸಣ್ಣ ಎಳೆಗಳಿಂದ ಜೋಡಿಕೊಂಡಿರುತ್ತದೆ. ಬಲಿಯದ ಕಣದಲ್ಲಿ ಅದು ಲಾಳದಂತೆ ಬಾಗಿದ ಒಂದೇ ಪಟ್ಟಿ. ಸೋಂಕು ಜೋರಾದಾಗ ಮೂಳೆಯ ಮಜ್ಜೆ ಬಲಿಯದವನ್ನೂ ಹೊರಕ್ಕೆ ತಳ್ಳುತ್ತದೆ. ಬಸಿರಿನಲ್ಲಿ ಇವು ಅಲ್ಲೊಂದು ಇಲ್ಲೊಂದು ಕಾಣುವುದು ಸಹಜ. ಗುಂಪಾಗಿ ಕಂಡರೆ ವರದಿ ಅಚ್ಚಾಗುವವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡುತ್ತೇನೆ.

ಉರಿಯೂತವಾದಾಗ ರಕ್ತದಲ್ಲಿ ಏರುವ ಪ್ರೋಟೀನ್ ಸಿಆರ್‌ಪಿ. ಅದು ನಿಧಾನಿ. ಉರಿಯೂತ ಶುರುವಾದ ಮೇಲೆ ಅದು ಏರಲು ಆರರಿಂದ ಹನ್ನೆರಡು ಗಂಟೆ ಬೇಕು. ಹಾಗಾಗಿ ನೋವು ಶುರುವಾದ ಹೊತ್ತನ್ನೂ ರಕ್ತ ತೆಗೆದ ಹೊತ್ತನ್ನೂ ಚೀಟಿಯಲ್ಲಿ ಬರೆಸಿ. ರೋಗ ಖಚಿತವಾಗದಿದ್ದರೆ, ಆಸ್ಪತ್ರೆಯಲ್ಲೇ ಇದ್ದು ಕೆಲವು ಗಂಟೆ ಬಿಟ್ಟು ಮತ್ತೆ ಪರೀಕ್ಷೆ ಮಾಡಿದಾಗ ಅಂಕಿ ಏರಿದೆಯೋ ಇಳಿದಿದೆಯೋ ಎಂಬುದು ಉಪಯೋಗಕ್ಕೆ ಬರುತ್ತದೆ. ಇಎಸ್‌ಆರ್ (ಕೆಂಪು ರಕ್ತಕಣಗಳು ತಳಕ್ಕಿಳಿಯುವ ವೇಗದ ಪರೀಕ್ಷೆ) ಇಲ್ಲಿ ನೆರವಾಗದು. ಬಸಿರಿನಲ್ಲಿ ಅದು ಹೇಗೂ ಹೆಚ್ಚಿರುತ್ತದೆ.

ಯಕೃತ್ತಿನ ಕಿಣ್ವಗಳು, ಪ್ಲೇಟ್‌ಲೆಟ್, ಲೈಪೇಸ್ (ಮೇದೋಜೀರಕ ಗ್ರಂಥಿಯ ಕಿಣ್ವ) ಪರೀಕ್ಷೆಗಳನ್ನು ಬರೆದುಕೊಟ್ಟರೆ ಬೇಡವೆನ್ನಬೇಡಿ. ಬಸಿರಿನ ರಕ್ತದೊತ್ತಡದ ತೊಡಕುಗಳು, ಮೇದೋಜೀರಕ ಗ್ರಂಥಿಯ ಉರಿಯೂತ ಇವೂ ಹೊಟ್ಟೆನೋವಾಗಿಯೇ ಬರುತ್ತವೆ. ಮೂತ್ರದಲ್ಲಿ ಕೀವುಕಣ ಕಂಡ ಮಾತ್ರಕ್ಕೆ ಮೂತ್ರಸೋಂಕು ಎಂದು ತೀರ್ಮಾನಿಸುವಂತಿಲ್ಲ. ಮೂತ್ರನಾಳಕ್ಕೆ ಒತ್ತಿಕೊಂಡ ಅಪೆಂಡಿಕ್ಸ್ ಕೂಡ ಹಾಗೆ ಮಾಡಬಲ್ಲದು.

ರಕ್ತಪರೀಕ್ಷೆ ಶಂಕೆಯನ್ನು ಹೆಚ್ಚಿಸುತ್ತದೆ ಅಥವಾ ತಗ್ಗಿಸುತ್ತದೆ, ಅಷ್ಟೇ. ಮುಂದಿನ ಹೆಜ್ಜೆ ಅಲ್ಟ್ರಾಸೌಂಡ್. ಅದರಲ್ಲಿ ಅಪೆಂಡಿಕ್ಸ್ ಕಾಣದಿದ್ದರೆ ಎಂಆರ್‌ಐ. ಅಪೆಂಡಿಕ್ಸ್ ಒಡೆದರೆ ಮಗುವನ್ನು ಕಳೆದುಕೊಳ್ಳುವ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಆದ್ದರಿಂದ ಹೊಕ್ಕುಳ ಸುತ್ತ ಶುರುವಾದ ನೋವು ಬಲಕ್ಕೆ ಸರಿದು ನಿಂತರೆ, ಊಟ ಸೇರದೆ ವಾಂತಿಯಾದರೆ, ರಕ್ತ ಕೊಟ್ಟು ವರದಿಗಾಗಿ ಮನೆಯಲ್ಲಿ ಕಾಯಬೇಡಿ. ಶಸ್ತ್ರಚಿಕಿತ್ಸಕರೂ ಪ್ರಸೂತಿ ತಜ್ಞರೂ ಇರುವ ಆಸ್ಪತ್ರೆಗೆ, ಹಳೆಯ ವರದಿಗಳೊಂದಿಗೆ, ಕೂಡಲೇ ಹೊರಡಿ.