ಕೆಸರು ಹೆಜ್ಜೆ ತೋರಿಸಿದ ದಾರಿ: ಶಿರಸಿಯಲ್ಲೊಂದು ಕಾಂಪ್ಲೆಕ್ಸ್ ಕಟ್ಟಿದ ನನ್ನ ಅನುಭವ

ಈ ಕಟ್ಟಡ ಶುರು ಮಾಡಿದಾಗ ಗುತ್ತಿಗೆದಾರರಿಂದ ಹಿಡಿದು ಸೆಂಟ್ರಿಂಗ್ ಹುಡುಗರವರೆಗೆ ಎಲ್ಲರೂ ನಕ್ಕಿದ್ದರು. ಈಗ ಅವರಲ್ಲೇ ಇಬ್ಬರು ಟೇಪು ಹಿಡಿದುಕೊಂಡು ಬಂದು ಮೆಟ್ಟಿಲು ಅಳೆದು ಹೋಗಿದ್ದಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ಮೊದಲು ನನ್ನ ಸೋಲು ಹೇಳಿಬಿಡುತ್ತೇನೆ. 2016ರಲ್ಲಿ ಕುಮಟಾದಲ್ಲಿ ಒಂದು ಕಾಂಪ್ಲೆಕ್ಸ್ ಮಾಡಿದ್ದೆ. ಎಲ್ಲರೂ ಮಾಡುವ ಹಾಗೇ: ನಡುವೆ ಐದಡಿ ಓಣಿ, ಎರಡೂ ಕಡೆ ಶಟರ್, ಮೂಲೆಯಲ್ಲಿ ಕಡಿದಾದ ಮೆಟ್ಟಿಲು. ರಸ್ತೆ ಬದಿಯ ಮಳಿಗೆಗಳು ತಿಂಗಳೊಳಗೆ ಹೋದವು. ಹಿಂದಿನವು ಹೋಗಲಿಲ್ಲ. ಮಾಳಿಗೆಯಂತೂ ಅರ್ಧ ಖಾಲಿ. ಜಾಗ ಸರಿ ಇಲ್ಲ, ವಾಸ್ತು ಸರಿ ಇಲ್ಲ ಅಂತ ನಾವೂ ಹೇಳಿಕೊಂಡು ತಿರುಗಿದೆವು.

ಮುಂದಿನ ಜೂನ್‌ನಲ್ಲಿ ಏನೋ ಸೋರುತ್ತಿದೆ ಅಂತ ಕರೆದರು, ಹೋದೆ. ಜೋರು ಮಳೆ. ಬಿಳಿ ಟೈಲ್ಸ್ ಮೇಲೆ ಕೆಂಪು ಕೆಸರಿನ ಹೆಜ್ಜೆಗಳು. ಸುಮ್ನೆ ನೋಡುತ್ತಾ ನಿಂತೆ. ಬಾಗಿಲಿಂದ ಮೂರನೇ ಮಳಿಗೆವರೆಗೆ ಕಾಲಿಡೋಕೆ ಜಾಗ ಇಲ್ಲದಷ್ಟು ಹೆಜ್ಜೆ. ನಾಲ್ಕನೇ ಮಳಿಗೆ ಎದುರು ಎಲ್ಲವೂ ಅರ್ಧಚಂದ್ರದ ಹಾಗೆ ತಿರುಗಿ ವಾಪಸ್. ಅದರಾಚೆ ಟೈಲ್ಸ್ ಒಗೆದಿಟ್ಟ ಹಾಗಿತ್ತು. ತಲೆ ಎತ್ತಿ ನೋಡಿದರೆ ಹೊರಗಿನ ಬೆಳಕು ಸರಿಯಾಗಿ ಅಲ್ಲಿಗೇ ಮುಗಿಯುತ್ತಿತ್ತು. ಮುಂದೆ ಕತ್ತಲೆ. ಜನ ಕತ್ತಲೆಗೆ ಯಾಕೆ ಹೋಗುತ್ತಾರೆ? ಮೊಬೈಲಲ್ಲಿ ಫೋಟೋ ತೆಗೆದುಕೊಂಡೆ. ಅದೇ ನನ್ನ ಪ್ಲ್ಯಾನು.

2023ರಲ್ಲಿ ಶಿರಸಿಯ ಕೆಲಸ ಸಿಕ್ಕಿತು. ಆರು ಗುಂಟೆ ಜಾಗ, ಮಾಲೀಕರು ಅಡಿಕೆ ತೋಟದವರು. ನಾನು ಹೇಳಿದ್ದು ಇಷ್ಟೇ: ಓಣಿಯ ಕೊನೆಯಲ್ಲಿ ಸೂರಿನವರೆಗೆ ತೆರೆದ ಒಂದು ಅಂಗಳ, ಅದರೊಳಗೆ ಎಂಟಡಿ ಅಗಲದ ಮೆಟ್ಟಿಲು, ಮೇಲಿಂದ ಹಗಲು ಬೆಳಕು. ರಸ್ತೆಯಲ್ಲಿ ನಿಂತವನಿಗೆ ಕಟ್ಟಡದ ಹೊಟ್ಟೆಯೊಳಗೆ ಬೆಳಕು ಕಾಣಬೇಕು. ಇದಕ್ಕೆ ಕೆಳಗಿನ ಎರಡು ಮಳಿಗೆ ಬಲಿ. ತಿಂಗಳಿಗೆ ಸುಮಾರು 14,000 ರೂಪಾಯಿ ಬಾಡಿಗೆ ಹೋಯಿತು ಅಂತಲೇ ಲೆಕ್ಕ. ಮಾಲೀಕರು ಕವಳ ಜಗಿಯುತ್ತಾ ನಕ್ಷೆ ನೋಡಿದರು. "ತಮಾ, ಖಾಲಿ ಜಾಗಕ್ಕೆ ಬಾಡಿಗೆ ಬತ್ತಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕುಮಟಾದ ಫೋಟೋ ತೋರಿಸಿದೆ. ಎರಡು ದಿನ ಬಿಟ್ಟು ಫೋನ್ ಮಾಡಿ ಹೂಂ ಅಂದರು.

ಮೆಟ್ಟಿಲಿನ ವಿಷಯದಲ್ಲಿ ನಾನು ಹಟ ಬಿಡಲಿಲ್ಲ. ಆರು ಇಂಚು ಎತ್ತರ, ಕಾಲಿಡೋಕೆ ಹನ್ನೆರಡು ಇಂಚು ಜಾಗ, ಒಟ್ಟು 22 ಮೆಟ್ಟಿಲು, ಮಧ್ಯದಲ್ಲಿ ಅಗಲವಾದ ನಿಲ್ದಾಣ. ನಿಲ್ದಾಣದಲ್ಲಿ ಕೋಕಂ ಶರಬತ್ತಿನ ಒಂದು ಗೂಡು. ಮಂಡಿ ನೋವಿನ ಅಜ್ಜಿಗೂ "ಅಲ್ಲಿವರೆಗೆ ಹೋಗಿ ಕೂರೋಣ" ಅನ್ನಿಸಬೇಕು. ಅಲ್ಲಿವರೆಗೆ ಹೋದವರಿಗೆ ಮೇಲಿನ ಸೀರೆ ಅಂಗಡಿ ಕಣ್ಣೆದುರೇ ಇರುತ್ತದೆ. ಉಳಿದದ್ದು ಅಂಗಡಿಯವರ ಕೆಲಸ.

ಮಾಡಿನಲ್ಲಿ ಮಾತ್ರ ಮುಗ್ಗರಿಸಿದೆ. ಅಂಗಳಕ್ಕೆ ಪಾಲಿಕಾರ್ಬೊನೇಟ್ ಶೀಟ್ ಹಾಕಿಸಿದೆ, ಒಂದೂಕಾಲು ಲಕ್ಷದ ಹತ್ತಿರ. ಏಪ್ರಿಲ್‌ನಲ್ಲಿ ಕೆಳಗೆ ನಿಂತರೆ ಬೆವರು ಸುರಿಯಿತು. ಜೂನ್‌ನಲ್ಲಿ ಇನ್ನೂ ದೊಡ್ಡ ಕತೆ. ಶಿರಸಿ ಮಳೆ ಗೊತ್ತಲ್ವಾ, ಶೀಟ್ ಮೇಲೆ ಚಂಡೆ ಬಾರಿಸಿದ ಹಾಗೆ. ಪಕ್ಕದಲ್ಲಿ ನಿಂತ ಮೇಸ್ತ್ರಿ ಮಾತಾಡಿದ್ದು ಕೇಳಲಿಲ್ಲ, ಬಾಯಿ ಆಡಿದ್ದು ಮಾತ್ರ ಕಂಡಿತು. ಇದರ ಕೆಳಗೆ ಯಾರು ಸೀರೆ ಚೌಕಾಸಿ ಮಾಡುತ್ತಾರೆ! ಬಿಚ್ಚಿಸಿದೆ. ಅದರ ಬದಲು ಮಂಗಳೂರು ಹೆಂಚಿನ ಮಾಡನ್ನೇ ಮೂರಡಿ ಎತ್ತರಿಸಿ, ಬದಿಗಳಲ್ಲಿ ಗಾಜು ಕೂರಿಸಿದೆ. ಉತ್ತರದ ಕಡೆ ದೊಡ್ಡದು, ಪಡುವಣದ ಕಡೆ ಇಲ್ಲವೇ ಇಲ್ಲ. ಇದಕ್ಕೆ ಮತ್ತೆ ಎರಡು ಲಕ್ಷದ ಮೇಲಾಯಿತು. ಅದರಲ್ಲಿ ನನ್ನ ಫೀಸಿಂದ 60,000 ಮುರಿದುಕೊಂಡರು. ನ್ಯಾಯವೇ.

ಲೈಟಿನಲ್ಲಿ ಎರಡನೇ ಪೆಟ್ಟು. ಓಣಿಯಲ್ಲಿ ಸಾಲಾಗಿ 18 ವ್ಯಾಟಿನ ಬಿಳಿ ಪ್ಯಾನೆಲ್, 6500 ಕೆಲ್ವಿನ್, ಅಂದರೆ ನೀಲಿ ಛಾಯೆಯ ತಣ್ಣನೆಯ ಬಿಳಿ. ಹಚ್ಚಿದರೆ ಓಣಿ ಆಸ್ಪತ್ರೆ ಹಾಗೆ ಫಳಫಳ, ಮಳಿಗೆಗಳು ಮಂಕು. ನೆಲ ಚೆನ್ನಾಗಿ ಕಾಣುತ್ತಿತ್ತು, ಮಾಲು ಕಾಣುತ್ತಿರಲಿಲ್ಲ. ಇದಕ್ಕೆ ದಾರಿ ಸಿಕ್ಕಿದ್ದು ಜಾತ್ರೆಯಲ್ಲಿ. 2024ರ ಮಾರ್ಚ್‌ನ ಮಾರಿಕಾಂಬಾ ಜಾತ್ರೆಯಲ್ಲಿ ರಾತ್ರಿ ಜಾತ್ರೆ ನಡೆಯುವ ಬಿಡಕಿಬೈಲ ಸುತ್ತ ನಾಲ್ಕು ದಿನ ಅಲೆದೆ. ಮನೆಯವರು ದೇವಿ ದರ್ಶನಕ್ಕೆ ಅಂದುಕೊಂಡಿದ್ದರು. ಬಳೆ ಅಂಗಡಿಯವರು ಬಲ್ಬನ್ನು ತಲೆ ಮೇಲೆ ಕಟ್ಟುವುದಿಲ್ಲ, ಬಳೆಯಿಂದ ಒಂದು ಮೊಳ ಮೇಲೆ ಇಳಿಬಿಡುತ್ತಾರೆ. ದಾರಿಯಲ್ಲಿ ಅರೆಗತ್ತಲೆ, ಬಳೆ ಮೇಲೆ ಬೆಳಕು. ಹೆಂಗಸರೆಲ್ಲ ಅಲ್ಲೇ.

ವಾಪಸ್ ಬಂದು ಓಣಿಯ ಪ್ಯಾನೆಲ್ ಅರ್ಧಕ್ಕರ್ಧ ತೆಗೆಸಿದೆ. ಓಣಿಗೆ 150 ಲಕ್ಸ್ (ಬೀಳುವ ಬೆಳಕಿನ ಅಳತೆ) ಆಸುಪಾಸು, ಮಳಿಗೆ ಮುಂಭಾಗಕ್ಕೆ ಅದರ ಮೂರು ಪಟ್ಟು. ಬೆಳಕು ಅಳೆಯೋಕೆ ಮೊದಲು ಮೊಬೈಲ್ ಆ್ಯಪ್ ನಂಬಿ ಮೋಸಹೋದೆ, ಆಮೇಲೆ ಎರಡೂವರೆ ಸಾವಿರದ ಮೀಟರ್ ತಂದೆ. ಬಟ್ಟೆ ಅಂಗಡಿಗಳಿಗೆ ಮಾತ್ರ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕ, ಗರಿಷ್ಠ 100) 90ರ ಮೇಲಿನ ಫಿಟ್ಟಿಂಗೇ ಆಗಬೇಕು ಅಂತ ಕರಾರಿನಲ್ಲೇ ಬರೆಸಿದೆ. ದುಬಾರಿ ಅಂತ ಗೊಣಗಿದರು. ಈಗ ಗಿರಾಕಿಗಳು ಬಣ್ಣ ನೋಡೋಕೆ ಸೀರೆ ಹಿಡಿದುಕೊಂಡು ಬಿಸಿಲಿಗೆ ಓಡುವುದಿಲ್ಲ. ಬಾಗಿಲ ಬಳಿಯ ಲೈಟು ಹಗಲಲ್ಲಿ ಜಾಸ್ತಿ, ರಾತ್ರಿ ಕಮ್ಮಿ. ಉಲ್ಟಾ ಅನ್ನಿಸುತ್ತದೆ, ಆದರೆ ಬಿಸಿಲಿಂದ ಒಳಗೆ ಬಂದವರ ಕಣ್ಣಿಗೆ ಸಾದಾ ಬೆಳಕೂ ಕತ್ತಲೆಯೇ. ಕೊನೆಯ ಗೋಡೆಗೆ ಬೆಳಕು ಎಲ್ಲಿಂದ ಬೀಳಿಸಿದ್ದೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬಂದು ನೋಡಿ, ಕಂಡುಹಿಡಿದರೆ ಚಾ ಕೊಡಿಸುತ್ತೇನೆ.

ನಡುವೆ ಹುಳದ ಪ್ರಯೋಗವನ್ನೂ ಮಾಡಿದೆ. ಮೊದಲ ಮಳೆಗೆ ರೆಕ್ಕೆ ಹುಳ ಮುತ್ತಿ ಬಾಗಿಲಲ್ಲಿ ರಾಶಿ ಬೀಳುತ್ತಿದ್ದವು. ಒಂದು ಕಂಬಕ್ಕೆ ಬಿಳಿ ದೀಪ, ಇನ್ನೊಂದಕ್ಕೆ ಹಳದಿ ದೀಪ ಹಾಕಿ, ಬೆಳಿಗ್ಗೆ ಗುಡಿಸಿ ಎರಡೂ ರಾಶಿಯನ್ನು ಲೋಟದಲ್ಲಿ ಅಳೆದೆ. ಬಿಳಿಯ ಕೆಳಗೆ ನಾಲ್ಕು ಲೋಟ, ಹಳದಿಯ ಕೆಳಗೆ ಒಂದೂವರೆ. ಹೊರಗಡೆ ಎಲ್ಲ ಹಳದಿ ಮಾಡಿದೆ. ಕಾರವಾರದ ಗೆಳೆಯನಿಗೂ ಇದನ್ನೇ ಹೇಳಿದೆ. ಅವನ ತಲೆನೋವು ಬೇರೆ, ಉಪ್ಪು ಗಾಳಿಗೆ ಫಿಟ್ಟಿಂಗಿನ ಸ್ಕ್ರೂಗಳೇ ಎರಡು ವರ್ಷದಲ್ಲಿ ಪುಡಿ.

ದೀಪಾವಳಿಗೆ ಬಾಗಿಲು ತೆಗೆದೆವು. ಮೇಲಿನ ಹತ್ತು ಮಳಿಗೆಯಲ್ಲಿ ಒಂಬತ್ತು ಹೋಗಿವೆ, ಸ್ಕ್ವೇರ್ ಫೂಟಿಗೆ 26ರ ಲೆಕ್ಕದಲ್ಲಿ. ಸುತ್ತಮುತ್ತ ಮಾಳಿಗೆಗೆ 15 ಸಿಕ್ಕಿದರೆ ಹೆಚ್ಚು. ತಿಂಗಳಿಗೆ ಮೇಲಿಂದಲೇ 42,000 ಬರುತ್ತಿದೆ. ಹತ್ತನೆಯದು ಕಂಬದ ಹಿಂದೆ ಬಿದ್ದಿದೆ, ಅದು ನನ್ನ ತಪ್ಪು. ಕಂಬ ಸರಿಸೋಕೆ ಪಾಯ ಹಾಕುವಾಗಲೇ ಯೋಚಿಸಬೇಕಿತ್ತು.

2025ರ ಜುಲೈನಲ್ಲಿ ಮಳೆ ಹಿಡಿದ ದಿನವೇ ಬೇಕಂತ ಹೋದೆ. ಕೆಂಪು ಹೆಜ್ಜೆಗಳು ಓಣಿ ದಾಟಿ, ಮೆಟ್ಟಿಲು ಹತ್ತಿ, ಶರಬತ್ತಿನ ಗೂಡಿನ ಹತ್ತಿರ ಗಜಿಬಿಜಿಯಾಗಿ, ಮೇಲೆ ತುದಿಯ ಟೈಲರ್ ಅಂಗಡಿವರೆಗೆ ಹೋಗಿದ್ದವು. ಫೋಟೋ ತೆಗೆಯುತ್ತಿದ್ದೆ. ಮಾಲೀಕರು ಹಿಂದಿನಿಂದ ಬಂದು, ಮಾಳಿಗೆ ಒರೆಸೋಕೆ ಇನ್ನೊಬ್ಬ ಆಳು ಬೇಕಾಗಿದೆ, ಅವಳ ಸಂಬಳ ಯಾರು ಕೊಡೋದು ಅಂತ ಕೇಳಿದರು.