ಸಿ ಡ್ರೈವ್‌ನಲ್ಲಿರುವ ಪ್ರೋಗ್ರಾಂಗಳನ್ನು ಡಿ ಡ್ರೈವ್‌ಗೆ ಸಾಗಿಸುವಾಗ ನಾನು ಪಾಲಿಸುವ ಕ್ರಮ

ಫೋಟೊ, ಹಾಡುಗಳ ಹಾಗೆ ವಿಂಡೋಸ್ ಪ್ರೋಗ್ರಾಂ ಒಂದರ ಫೋಲ್ಡರನ್ನೂ ಕಟ್ ಮಾಡಿ ಬೇರೆ ಡ್ರೈವ್‌ನಲ್ಲಿ ಪೇಸ್ಟ್ ಮಾಡಿದರೆ ಅದು ಸಾಮಾನ್ಯವಾಗಿ ಕೆಡುತ್ತದೆ. ಇನ್‌ಸ್ಟಾಲ್ ಆಗುವಾಗಲೇ ಅದರ ಪೂರ್ತಿ ಪಾತ್ (ಫೋಲ್ಡರ್ ಎಲ್ಲಿದೆ ಎಂಬ ವಿಳಾಸ) ಹಲವು ಕಡೆ ದಾಖಲಾಗಿರುತ್ತದೆ: ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ದಾಖಲೆ), ಶಾರ್ಟ್‌ಕಟ್, ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಭಾಗ), ಅನ್‌ಇನ್‌ಸ್ಟಾಲರ್, ಯಾವ ಬಗೆಯ ಫೈಲನ್ನು ಯಾವ ಪ್ರೋಗ್ರಾಂ ತೆರೆಯಬೇಕೆಂಬ ವಿವರ. ಇವನ್ನೆಲ್ಲ ಕೈಯಿಂದ ತಿದ್ದಲು ಹೊರಟರೆ ಒಂದಲ್ಲ ಒಂದು ತಪ್ಪಿಯೇ ಹೋಗುತ್ತದೆ.

ಹಾಗಾಗಿ ಮೊದಲು ಪ್ರೋಗ್ರಾಂನಲ್ಲೇ ದಾರಿ ಇದೆಯೇ ಎಂದು ನೋಡುತ್ತೇನೆ. ಸೆಟ್ಟಿಂಗ್ಸ್‌ನ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯಲ್ಲಿ ಹೆಸರಿನ ಪಕ್ಕದ ಮೂರು ಚುಕ್ಕೆ ಒತ್ತಿದರೆ, ಸ್ಟೋರ್‌ನಿಂದ ಬಂದ ಬಹುತೇಕ ಆ್ಯಪ್‌ಗಳಿಗೆ 'ಮೂವ್' ಸಿಗುತ್ತದೆ. ಸ್ಟೀಮ್ ಗೇಮ್‌ಗಳಿಗೆ ಗೇಮ್‌ನ ಪ್ರಾಪರ್ಟೀಸ್‌ನಲ್ಲಿ, ಇನ್‌ಸ್ಟಾಲ್ಡ್ ಫೈಲ್ಸ್ ಅಡಿಯಲ್ಲಿ ಆ ಸೌಲಭ್ಯವಿದೆ. ಇದಿಲ್ಲದವುಗಳಿಗೆ ಅನ್‌ಇನ್‌ಸ್ಟಾಲ್ ಮಾಡಿ ಡಿ ಡ್ರೈವ್‌ನಲ್ಲಿ ಹೊಸದಾಗಿ ಹಾಕುವುದೇ ಉತ್ತಮ. ಲೈಸೆನ್ಸ್ ಇರುವ ಪ್ರೋಗ್ರಾಂ ಆದರೆ ತೆಗೆಯುವ ಮೊದಲೇ ಡೀಆ್ಯಕ್ಟಿವೇಟ್ ಮಾಡಬೇಕು. ಮರೆತರೆ ಮತ್ತೆ ಹಾಕುವಾಗ ಆ್ಯಕ್ಟಿವೇಶನ್ ಮಿತಿ ಮುಗಿದಿದೆ ಎಂಬ ಸಂದೇಶ ಬರಬಹುದು.

ಇನ್‌ಸ್ಟಾಲರ್ ಕೈಯಲ್ಲಿಲ್ಲ, ಸೆಟಪ್ ದೊಡ್ಡದು ಎಂಬಾಗ ಮಾತ್ರ ಜಂಕ್ಷನ್, ಅಂದರೆ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಕರೆದೊಯ್ಯುವ ಲಿಂಕ್, ಬಳಸುತ್ತೇನೆ. ಫೈಲ್‌ಗಳು ಡಿ ಡ್ರೈವ್‌ನಲ್ಲಿರುತ್ತವೆ, ಹಳೆಯ ಪಾತ್ ಸಿ ಡ್ರೈವ್‌ನಲ್ಲೇ ಉಳಿದು ಅಲ್ಲಿಗೆ ಕರೆದೊಯ್ಯುತ್ತದೆ; ರಿಜಿಸ್ಟ್ರಿಯನ್ನು ಮುಟ್ಟಬೇಕಿಲ್ಲ. ಡಿ ಡ್ರೈವ್ ಕಂಪ್ಯೂಟರಿನ ಒಳಗಿನದೇ ಆಗಿರಬೇಕು, ಎನ್‌ಟಿಎಫ್‌ಎಸ್ (ವಿಂಡೋಸ್‌ನ ಡ್ರೈವ್ ಫಾರ್ಮ್ಯಾಟ್) ಬಗೆಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ಫಾರ್ಮ್ಯಾಟ್‌ನಲ್ಲಿ, ಯಾರು ಯಾವ ಫೈಲನ್ನು ಬದಲಿಸಬಹುದು ಎಂಬ ಅನುಮತಿಗಳೇ ಇಲ್ಲ. ಯುಎಸ್‌ಬಿ ಡ್ರೈವ್ ಆದರೆ ಕೇಬಲ್ ಕಿತ್ತ ದಿನ, ಇಲ್ಲವೇ ಡ್ರೈವ್‌ನ ಅಕ್ಷರ ಬದಲಾದ ದಿನ ಪ್ರೋಗ್ರಾಂ ತೆರೆಯುವುದಿಲ್ಲ.

ಬ್ಯಾಕಪ್ ಮಾಡಿ, ರಿಸ್ಟೋರ್ ಪಾಯಿಂಟ್ (ವಿಂಡೋಸನ್ನು ಹಿಂದಿನ ಸ್ಥಿತಿಗೆ ತರಲು ನೆರವಾಗುವ ಗುರುತು) ಇಟ್ಟ ಮೇಲೆ ಡಿ ಡ್ರೈವ್‌ನಲ್ಲಿ ಪ್ರೋಗ್ರಾಂಗಳಿಗೆಂದೇ ಒಂದು ಫೋಲ್ಡರ್ ಮಾಡುತ್ತೇನೆ. ಇಲ್ಲಿ ಹಲವರು ಗಮನಿಸದ ಅಪಾಯವೊಂದಿದೆ. ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಸಾಮಾನ್ಯ ಬಳಕೆದಾರರು ಏನನ್ನೂ ಬದಲಿಸಲಾರರು. ಡಿ ಡ್ರೈವ್‌ನ ಹೊಸ ಫೋಲ್ಡರಿನಲ್ಲಿ ಸಾಮಾನ್ಯವಾಗಿ ಬದಲಿಸಬಲ್ಲರು. ಅಡ್ಮಿನ್ ಹಕ್ಕಿನಲ್ಲಿ ಓಡುವ ಫೈಲನ್ನು ಯಾರು ಬೇಕಾದರೂ ಬದಲಿಸುವಂತಾದರೆ ಇಡೀ ಕಂಪ್ಯೂಟರ್ ಅವರ ಕೈಗೆ ಹೋದಂತೆ. ಅದಕ್ಕೇ ಆ ಫೋಲ್ಡರಿನ ಪ್ರಾಪರ್ಟೀಸ್‌ನ ಸೆಕ್ಯುರಿಟಿ ಟ್ಯಾಬ್‌ನಲ್ಲಿ ಇನ್‌ಹೆರಿಟೆನ್ಸ್ (ಮೇಲಿನ ಡ್ರೈವ್‌ನಿಂದ ಹಕ್ಕುಗಳು ತಾವಾಗಿ ಬರುವುದು) ನಿಲ್ಲಿಸಿ, ಅಡ್ಮಿನಿಸ್ಟ್ರೇಟರ್ಸ್ ಮತ್ತು ಸಿಸ್ಟಮ್‌ಗೆ ಪೂರ್ಣ ಹಕ್ಕು, ಯೂಸರ್ಸ್‌ಗೆ ಓದುವ ಹಾಗೂ ಓಡಿಸುವ ಹಕ್ಕು ಮಾತ್ರ ಕೊಡುತ್ತೇನೆ.

ಪ್ರೋಗ್ರಾಂ ಮುಚ್ಚಿ, ಅದರ ಸರ್ವಿಸ್ ಇದ್ದರೆ ಅದನ್ನೂ ನಿಲ್ಲಿಸಿ, ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆಯುತ್ತೇನೆ. ನಕಲು ಮಾಡಲು ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ (robocopy) ಕಮಾಂಡ್ ಬಳಸುತ್ತೇನೆ: ಮೊದಲು ಹಳೆಯ ಪಾತ್, ನಂತರ ಹೊಸದು, ಕೊನೆಗೆ ಖಾಲಿ ಉಪಫೋಲ್ಡರ್‌ಗಳೂ ಸೇರಲೆಂದು ಸ್ಲ್ಯಾಶ್ ಇ. ಜೊತೆಗೆ ಆರ್ (ಎಷ್ಟು ಸಲ ಮತ್ತೆ ಪ್ರಯತ್ನಿಸಬೇಕು) ಮತ್ತು ಡಬ್ಲ್ಯೂ (ನಡುವೆ ಎಷ್ಟು ಸೆಕೆಂಡ್ ಕಾಯಬೇಕು) ಆಯ್ಕೆಗಳಿಗೆ 1 ಎಂದು ಕೊಡಬೇಕು (/R:1 /W:1). ಇಲ್ಲವಾದರೆ ಸಿಕ್ಕಿಕೊಂಡ ಒಂದು ಫೈಲಿಗಾಗಿ ಅದು 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ. ಸ್ಪೇಸ್ ಇರುವ ಪಾತ್‌ಗೆ ಡಬಲ್ ಕೋಟ್ ಕಡ್ಡಾಯ. ಕೊನೆಯ ಲೆಕ್ಕದಲ್ಲಿ 'ಫೇಲ್ಡ್' ಕಾಲಂ 0 ಇದ್ದರಷ್ಟೇ ಮುಂದಿನ ಹೆಜ್ಜೆ.

ಹಳೆಯ ಫೋಲ್ಡರನ್ನು ಅಳಿಸುವುದಿಲ್ಲ, ಹೆಸರು ಮಾತ್ರ ಬದಲಿಸುತ್ತೇನೆ. ಹೆಸರು ಬದಲಾಗದಿದ್ದರೆ ಒಳಗಿನ ಯಾವುದೋ ಫೈಲ್ ಇನ್ನೂ ಬಳಕೆಯಲ್ಲಿದೆ ಎಂದರ್ಥ. ಆಮೇಲೆ ಜಂಕ್ಷನ್ ಮಾಡುವ ಕಮಾಂಡ್: ಎಂಕೆಲಿಂಕ್ (mklink), ಸ್ಲ್ಯಾಶ್ ಜೆ, ಹಳೆಯ ಪಾತ್, ಹೊಸ ಪಾತ್. ನಕಲಿನಲ್ಲಿ ಕೊಟ್ಟ ಅನುಕ್ರಮವೇ ಇದು, ಆದರೆ ಇಲ್ಲಿ ಮೊದಲನೆಯದು ಹೊಸದಾಗಿ ಹುಟ್ಟುವ ಲಿಂಕ್. ಅದೇ ಹೆಸರಿನ ಫೋಲ್ಡರ್ ಅಲ್ಲಿ ಉಳಿದಿದ್ದರೆ ಕಮಾಂಡ್ ನಡೆಯುವುದಿಲ್ಲ. ಎಂಕೆಲಿಂಕ್ ಕಮಾಂಡ್ ಪ್ರಾಂಪ್ಟ್‌ನದೇ ಭಾಗವಾದ್ದರಿಂದ ವಿಂಡೋಸ್‌ನ ಇನ್ನೊಂದು ಕಮಾಂಡ್ ಕಿಟಕಿಯಾದ ಪವರ್‌ಶೆಲ್‌ನಲ್ಲಿ ನೇರವಾಗಿ ಟೈಪ್ ಮಾಡಿದರೆ ಸಿಗುವುದಿಲ್ಲ.

ರೀಸ್ಟಾರ್ಟ್ ಮಾಡಿ, ಪ್ರೋಗ್ರಾಂ ತೆರೆದು, ಒಂದು ಫೈಲ್ ಸೇವ್ ಮಾಡಿ, ಸಾಧ್ಯವಾದರೆ ಒಂದು ಅಪ್‌ಡೇಟ್ ಕೂಡ ಓಡಿಸುತ್ತೇನೆ. ಕೆಲವು ಅಪ್‌ಡೇಟ್‌ಗಳು ಲಿಂಕನ್ನು ತೆಗೆದು ಸಿ ಡ್ರೈವ್‌ನಲ್ಲೇ ನಿಜವಾದ ಫೋಲ್ಡರ್ ಮಾಡಿಬಿಡುತ್ತವೆ. ಒಂದು ವಾರ ಎಲ್ಲ ಸರಿಯಿದ್ದರೆ ಹಳೆಯದನ್ನು ಅಳಿಸುತ್ತೇನೆ. ತೊಂದರೆ ಕಂಡರೆ ಆರ್‌ಎಂಡಿಐಆರ್ (rmdir) ಕಮಾಂಡ್‌ನಿಂದ ಲಿಂಕ್ ತೆಗೆದು, ಹಳೆಯ ಫೋಲ್ಡರಿಗೆ ಮೊದಲಿನ ಹೆಸರು ಕೊಟ್ಟರೆ ಸಾಕು. ಆ ಕಮಾಂಡ್‌ಗೆ, ಫೋಲ್ಡರಿನ ಒಳಗಿನದನ್ನೆಲ್ಲ ಅಳಿಸುವ ಸ್ಲ್ಯಾಶ್ ಎಸ್ ಸೇರಿಸುವ ಅಗತ್ಯವಿಲ್ಲ, ಸೇರಿಸಲೂಬಾರದು. ಬರೀ ಲಿಂಕ್ ಹೋಗುತ್ತದೆ, ಡಿ ಡ್ರೈವ್‌ನ ಫೈಲ್‌ಗಳು ಹಾಗೇ ಉಳಿಯುತ್ತವೆ.

ಆ್ಯಂಟಿವೈರಸ್, ಡ್ರೈವರ್ ಸಾಫ್ಟ್‌ವೇರ್, ಸ್ಟೋರ್ ಆ್ಯಪ್‌ಗಳಿರುವ ವಿಂಡೋಸ್‌ಆ್ಯಪ್ಸ್ ಫೋಲ್ಡರ್, ಇಡೀ ಪ್ರೋಗ್ರಾಂ ಫೈಲ್ಸ್ ಫೋಲ್ಡರ್: ಇವನ್ನು ಜಂಕ್ಷನ್‌ನಿಂದ ಎಂದೂ ಸಾಗಿಸುವುದಿಲ್ಲ.